ಹರಿವಿನ ಲೆಕ್ಕ ತೋರಿಸುವ ಯಂತ್ರ: ಚಯಾಪಚಯದ ಎಂಆರ್‌ಐ ಮತ್ತು ನಮ್ಮ ಸಣ್ಣ ಉದ್ದಿಮೆಗಳು

ಸಂಸ್ಥೆಯೊಂದರ ಆರೋಗ್ಯವನ್ನು ಅರಿಯಲು ನಾವು ಮುಖ್ಯವಾಗಿ ಎರಡು ಬಗೆಯ ಪತ್ರಗಳನ್ನು ನೋಡುತ್ತೇವೆ. ಮೊದಲನೆಯದು ಅಢಾವೆ ಪತ್ರಿಕೆ. ಮಾರ್ಚ್ 31ರಂದು ಸಂಸ್ಥೆಯ ಬಳಿ ಎಷ್ಟು ಯಂತ್ರ, ಎಷ್ಟು ದಾಸ್ತಾನು, ಎಷ್ಟು ಸಾಲ ಇತ್ತು ಎಂಬುದನ್ನು ಅದು ಹೇಳುತ್ತದೆ. ಎರಡನೆಯದು ನಗದು ಹರಿವಿನ ತಖ್ತೆ. ವರ್ಷವಿಡೀ ಹಣ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು, ಎಲ್ಲಿ ಕಟ್ಟಿಕೊಂಡು ನಿಂತಿತು ಎಂಬುದನ್ನು ಅದು ಹೇಳುತ್ತದೆ. ಗೋದಾಮು ತುಂಬ ಸರಕಿದ್ದರೂ, ಅಢಾವೆ ಪತ್ರಿಕೆ ಚೊಕ್ಕಟವಾಗಿ ಕಂಡರೂ, ಹರಿವು ನಿಂತ ಕಾರಣಕ್ಕೆ ಬಾಗಿಲು ಹಾಕಿದ ಸಂಸ್ಥೆಗಳು ನಮ್ಮ ಸದಸ್ಯ ಬಾಂಧವರಿಗೆ ಅಪರಿಚಿತವಲ್ಲ.

ವೈದ್ಯಕೀಯ ಚಿತ್ರಣದಲ್ಲಿಯೂ ಇದೇ ಭೇದವಿದೆ. ಇಂದು ನಮ್ಮ ನಗರದ ಬಹುತೇಕ ದೊಡ್ಡ ಆಸ್ಪತ್ರೆಗಳಲ್ಲಿ ದೊರೆಯುವ ಎಂಆರ್‌ಐ ಚಿತ್ರವು ದೇಹದ ಅಢಾವೆ ಪತ್ರಿಕೆಯಿದ್ದಂತೆ. ಯಾವ ಅಂಗ ಎಲ್ಲಿದೆ, ಎಷ್ಟು ಗಾತ್ರವಿದೆ, ಎಲ್ಲಿ ಗಂಟು ಬೆಳೆದಿದೆ ಎಂಬುದನ್ನು ಅದು ಸ್ಪಷ್ಟವಾಗಿ ತೋರಿಸುತ್ತದೆ. ಆದರೆ ಆ ಅಂಗದೊಳಗಿನ ಜೀವಕೋಶಗಳು ಸಕ್ಕರೆಯನ್ನು ಹೇಗೆ ಬಳಸುತ್ತಿವೆ, ಶಕ್ತಿಯನ್ನು ಎಷ್ಟು ಉತ್ಪಾದಿಸುತ್ತಿವೆ, ಕೊಬ್ಬನ್ನು ಎಲ್ಲಿ ಕೂಡಿಡುತ್ತಿವೆ ಎಂಬ ಹರಿವಿನ ಲೆಕ್ಕವು ಆ ಚಿತ್ರದಲ್ಲಿ ದೊರೆಯುವುದಿಲ್ಲ. ಈ ಹರಿವಿಗೆ ಚಯಾಪಚಯ ಎಂದು ಹೆಸರು. ದೇಹವನ್ನು ಕೊಯ್ಯದೆ, ವಿಕಿರಣಶೀಲ ವಸ್ತು ಬಳಸದೆ, ಅದೇ ಕಾಂತೀಯ ಯಂತ್ರದಿಂದ ಚಯಾಪಚಯವನ್ನು ನೋಡುವ ವಿಧಾನಗಳು ಕಳೆದ ಐದು ದಶಕಗಳಿಂದ ವೈದ್ಯಕೀಯ ಸಂಶೋಧನೆಯಲ್ಲಿ ಬೆಳೆಯುತ್ತಿವೆ.

ವಾಣಿಜ್ಯ ಪತ್ರಿಕೆಯಲ್ಲಿ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಇದಕ್ಕೆ ಎರಡು ಕಾರಣಗಳಿವೆ. ಈ ವಿಜ್ಞಾನದ ಒಂದು ಬೇರು ಯಶವಂತಪುರಕ್ಕೆ ಹೊಂದಿಕೊಂಡ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೇ ಇದೆ ಎಂಬುದು ಮೊದಲನೆಯದು. ವಿಜ್ಞಾನ ಇಲ್ಲಿ ಬೆಳೆದರೂ ಯಂತ್ರವನ್ನು ನಾವು ಇಂದಿಗೂ ಬಹುಪಾಲು ಹೊರದೇಶದಿಂದ ಕೊಳ್ಳುತ್ತಿದ್ದೇವೆ ಎಂಬುದು ಎರಡನೆಯದು. ಈ ಅಂತರವು ಏಕೆ ಉಂಟಾಯಿತು, ಅದನ್ನು ತುಂಬುವಲ್ಲಿ ಸಣ್ಣ ಉದ್ದಿಮೆಗೆ ಪಾಲು ಇದೆಯೇ ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸೋಣ.

ಯಂತ್ರ ಕೆಲಸ ಮಾಡುವ ಬಗೆ

ನಮ್ಮ ದೇಹದ ಬಹುಭಾಗ ನೀರು. ನೀರಿನಲ್ಲಿರುವ ಜಲಜನಕದ ಪರಮಾಣು ಬೀಜವು ಅತಿ ಸಣ್ಣ ಕಾಂತದಂತೆ ವರ್ತಿಸುತ್ತದೆ. ಪ್ರಬಲ ಕಾಂತಕ್ಷೇತ್ರದೊಳಗೆ ಇರಿಸಿ, ತಕ್ಕ ಆವರ್ತನದ ರೇಡಿಯೋ ತರಂಗವನ್ನು ಹಾಯಿಸಿದರೆ ಈ ಬೀಜಗಳು ಶಕ್ತಿಯನ್ನು ಹೀರಿ, ಬಳಿಕ ಅದೇ ಆವರ್ತನದಲ್ಲಿ ಮರುದನಿ ನೀಡುತ್ತವೆ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಯಂತ್ರದಲ್ಲಿ ಈ ಆವರ್ತನ ಸುಮಾರು 64 ಮೆಗಾಹರ್ಟ್ಸ್. 3 ಟೆಸ್ಲಾ ಯಂತ್ರದಲ್ಲಿ ಸುಮಾರು 128 ಮೆಗಾಹರ್ಟ್ಸ್. ಕಾಂತಕ್ಷೇತ್ರವನ್ನು ಸ್ಥಳದಿಂದ ಸ್ಥಳಕ್ಕೆ ಕೊಂಚ ಬದಲಿಸಿ, ಯಾವ ದನಿ ಎಲ್ಲಿಂದ ಬಂತು ಎಂದು ಲೆಕ್ಕ ಹಾಕಿದರೆ ಚಿತ್ರ ಮೂಡುತ್ತದೆ. ಎಕ್ಸ್‌-ರೇ ಇಲ್ಲಿಲ್ಲ ಎಂಬುದು ಗಮನಾರ್ಹ.

ಇನ್ನು ಚಯಾಪಚಯದ ಮಾತು. ಒಂದೇ ಜಲಜನಕವಾದರೂ ಅದು ನೀರಿನ ಅಣುವಿನಲ್ಲಿದೆಯೋ, ಕೊಬ್ಬಿನಲ್ಲಿದೆಯೋ, ಲ್ಯಾಕ್ಟೇಟ್ ಎಂಬ ಆಮ್ಲೀಯ ಪದಾರ್ಥದಲ್ಲಿದೆಯೋ ಎಂಬುದನ್ನು ಅನುಸರಿಸಿ ಅದರ ಆವರ್ತನ ಅತ್ಯಲ್ಪವಾಗಿ ಬದಲಾಗುತ್ತದೆ. ಈ ವ್ಯತ್ಯಾಸವನ್ನು ಬಿಡಿಸಿ ಓದುವ ಕ್ರಮಕ್ಕೆ ಸ್ಪೆಕ್ಟ್ರೋಸ್ಕೋಪಿ ಎನ್ನುತ್ತಾರೆ. ಸಾಮಾನ್ಯ ಎಂಆರ್‌ಐ ಒಟ್ಟು ವಹಿವಾಟನ್ನು ಮಾತ್ರ ತೋರಿಸಿದರೆ, ಸ್ಪೆಕ್ಟ್ರೋಸ್ಕೋಪಿ ಖಾತೆವಾರು ವಿವರವನ್ನು ನೀಡುತ್ತದೆ ಎನ್ನಬಹುದು.

ಇಲ್ಲಿರುವ ತೊಡಕನ್ನೂ ತಿಳಿದಿರಬೇಕು. ಮೆದುಳಿನಲ್ಲಿ ನೀರಿನ ಜಲಜನಕಕ್ಕೆ ಹೋಲಿಸಿದರೆ ಈ ಚಯಾಪಚಯ ಪದಾರ್ಥಗಳ ಪ್ರಮಾಣ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು. ಹತ್ತು ಸಾವಿರ ರೂಪಾಯಿಯ ಚಿಲ್ಲರೆ ರಾಶಿಯಲ್ಲಿ ಒಂದೇ ಒಂದು ಗುರುತಿನ ನಾಣ್ಯವನ್ನು ಅರಸಿದಂತೆ. ಆದುದರಿಂದಲೇ ಸಾಮಾನ್ಯ ಚಿತ್ರದಲ್ಲಿ ಒಂದು ಮಿಲಿಮೀಟರ್ ಗಾತ್ರದ ವಿವರ ಕಂಡರೆ, ಸ್ಪೆಕ್ಟ್ರೋಸ್ಕೋಪಿಯಲ್ಲಿ ಕೆಲವು ಘನ ಸೆಂಟಿಮೀಟರ್ ಭಾಗದ ಸರಾಸರಿಯಷ್ಟೇ ದೊರೆಯುತ್ತದೆ. ಅದಕ್ಕೂ ನಿಮಿಷಗಟ್ಟಲೆ ಕಾಯಬೇಕಾಗುತ್ತದೆ. ಈ ಕ್ಷೇತ್ರದ ಸಂಶೋಧನೆಯ ಬಹುಪಾಲು ಈ ಕ್ಷೀಣ ದನಿಯನ್ನು ಹೆಚ್ಚಿಸುವ ಪ್ರಯತ್ನವೇ ಆಗಿದೆ.

1951: ಹರಿಯುವ ದ್ರವ ಮತ್ತು ಬೆಂಗಳೂರು

ಪರಮಾಣು ಬೀಜಗಳ ಈ ಅನುರಣನವನ್ನು ದ್ರವ ಮತ್ತು ಘನ ವಸ್ತುಗಳಲ್ಲಿ ಮೊದಲು ಕಂಡವರು ಅಮೆರಿಕದ ಫೆಲಿಕ್ಸ್ ಬ್ಲಾಕ್ ಮತ್ತು ಎಡ್ವರ್ಡ್ ಪರ್ಸೆಲ್. 1946ರಲ್ಲಿ ಪ್ರಕಟವಾದ ಈ ಕಾರ್ಯಕ್ಕಾಗಿ ಇಬ್ಬರೂ 1952ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಪ್ರಕಟಣೆಯಾದ ಐದೇ ವರ್ಷಗಳಲ್ಲಿ, ಅಂದರೆ 1951ರಲ್ಲಿ, ಭಾರತೀಯ ವಿಜ್ಞಾನ ಸಂಸ್ಥೆಯ ಭೌತವಿಜ್ಞಾನ ವಿಭಾಗದ ಜಿ. ಸೂರ್ಯನ್ ಅವರು ಹರಿಯುವ ದ್ರವಗಳಲ್ಲಿ ಈ ಅನುರಣನ ಹೇಗೆ ಬದಲಾಗುತ್ತದೆ ಎಂಬುದರ ಕುರಿತು ಪ್ರಬಂಧವೊಂದನ್ನು ಪ್ರಕಟಿಸಿದರು. ಅದು ಅಚ್ಚಾದದ್ದೂ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕೆಯಲ್ಲಿಯೇ.

ಅವರು ಕಂಡುಕೊಂಡ ಸಂಗತಿ ಸರಳವಾದುದು. ನಿಂತ ದ್ರವದ ಮೇಲೆ ರೇಡಿಯೋ ತರಂಗವನ್ನು ಸತತವಾಗಿ ಹಾಯಿಸಿದರೆ ಬೀಜಗಳು ದಣಿದು, ದನಿ ಕುಂದುತ್ತದೆ. ದ್ರವ ಹರಿಯುತ್ತಿದ್ದರೆ ದಣಿದ ಬೀಜಗಳು ಮುಂದೆ ಸಾಗಿ ಹೊಸ ಬೀಜಗಳು ಒಳಬರುತ್ತವೆ, ದನಿ ಹೆಚ್ಚುತ್ತದೆ. ದನಿಯ ಏರಿಕೆಯಿಂದ ಹರಿವನ್ನು ಅಳೆಯಬಹುದು. ಇದೇ ತತ್ತ್ವವನ್ನು ಅನುಸರಿಸಿ 1959ರಲ್ಲಿ ಅಮೆರಿಕದಲ್ಲಿ ಜೆ. ಆರ್. ಸಿಂಗರ್ ಅವರು ಜೀವಂತ ಇಲಿಯ ಬಾಲದಲ್ಲಿ ರಕ್ತದ ಹರಿವನ್ನು ಅಳೆದರು. ಇಂದು ಆಸ್ಪತ್ರೆಗಳಲ್ಲಿ ಔಷಧದ್ರವ ಚುಚ್ಚದೆಯೇ ಮೆದುಳಿನ ರಕ್ತನಾಳಗಳ ಎಂಆರ್ ಚಿತ್ರ ತೆಗೆಯುವ ಒಂದು ಪ್ರಮುಖ ವಿಧಾನವು, ಹೊಸದಾಗಿ ಒಳಹರಿದ ರಕ್ತ ಬೆಳ್ಳಗೆ ಹೊಳೆಯುತ್ತದೆ ಎಂಬ ಇದೇ ಸಂಗತಿಯನ್ನು ಆಧರಿಸಿದೆ.

ಬೆಂಗಳೂರಿನ ಪಾಲು ಅಲ್ಲಿಗೇ ಮುಗಿಯಲಿಲ್ಲ. 1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅನಿಲ್ ಕುಮಾರ್, ಡೀಟರ್ ವೆಲ್ಟಿ ಮತ್ತು ರಿಚರ್ಡ್ ಅರ್ನ್ಸ್ಟ್ ಅವರು ಪ್ರಕಟಿಸಿದ ಪ್ರಬಂಧವು ಫೂರಿಯೆ ಗಣಿತದಿಂದ ಚಿತ್ರ ರಚಿಸುವ ಕ್ರಮವನ್ನು ತೋರಿಸಿತು. ಇಂದಿನ ಎಂಆರ್‌ಐ ಯಂತ್ರಗಳು ಚಿತ್ರ ರಚಿಸುವ ಬಗೆಗೆ ಇದೇ ಬುನಾದಿ. ಅರ್ನ್ಸ್ಟ್ ಅವರಿಗೆ 1991ರಲ್ಲಿ ರಸಾಯನ ವಿಜ್ಞಾನದ ನೊಬೆಲ್ ದೊರೆಯಿತು. ಅನಿಲ್ ಕುಮಾರ್ ಅವರು 1977ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು, ದಶಕಗಳ ಕಾಲ ಇಲ್ಲಿಯೇ ಸಂಶೋಧನೆ ನಡೆಸಿ ವಿದ್ಯಾರ್ಥಿಗಳನ್ನು ಬೆಳೆಸಿದರು. ಮೇಖ್ರಿ ವೃತ್ತದ ಬಳಿಯ ರಾಮನ್ ಸಂಶೋಧನಾ ಸಂಸ್ಥೆಯಲ್ಲಿಯೂ, ಬಳಿಕ ವಿಜ್ಞಾನ ಸಂಸ್ಥೆಯಲ್ಲಿಯೂ ಕೆಲಸ ಮಾಡಿದ ಸಿ. ಎಲ್. ಖೇತ್ರಪಾಲ್ ಅವರು ಮುಂದೆ ಲಖನೌದಲ್ಲಿ ವೈದ್ಯಕೀಯ ಕಾಂತೀಯ ಅನುರಣನಕ್ಕೆಂದೇ ಕೇಂದ್ರವೊಂದನ್ನು ಕಟ್ಟಿದರು.

ವ್ಯಾಪಾರಿಯ ಕಣ್ಣಿನಿಂದ ನೋಡುವವರಿಗೆ ಇಲ್ಲಿ ಒಂದು ಹೋಲಿಕೆ ಹೊಳೆಯದಿರದು. ಸೂರ್ಯನ್ ಅವರ ಪ್ರಬಂಧ ಬಂದ ಮರುವರ್ಷ, 1952ರಲ್ಲಿ, ಅಮೆರಿಕದ ಕ್ಯಾಲಿಫೋರ್ನಿಯಾದ ವೇರಿಯನ್ ಎಂಬ ಸಂಸ್ಥೆಯು ಅನುರಣನವನ್ನು ಅಳೆಯುವ ಮೊದಲ ವಾಣಿಜ್ಯ ಉಪಕರಣವನ್ನು ಮಾರಿತು. ಆ ಸಂಸ್ಥೆಯನ್ನು 1948ರಲ್ಲಿ ಕೆಲವೇ ಮಂದಿ ಸೇರಿ 22,000 ಡಾಲರ್ ಬಂಡವಾಳದಿಂದ ಆರಂಭಿಸಿದ್ದರು. ಬ್ಲಾಕ್ ಅವರ ವಿಶ್ವವಿದ್ಯಾಲಯದ ನೆರೆಯಲ್ಲಿಯೇ ಅದು ನೆಲೆಸಿತ್ತು. ಆವಿಷ್ಕಾರದ ಪೇಟೆಂಟ್ ಹಕ್ಕನ್ನು ಪಡೆದುಕೊಂಡಿತ್ತು. ವಿಜ್ಞಾನದಲ್ಲಿ ಅಂದು ಬೆಂಗಳೂರು ಬಹಳ ಹಿಂದೆ ಇರಲಿಲ್ಲ. ಪ್ರಯೋಗಶಾಲೆಯ ಪಕ್ಕದಲ್ಲಿ ಅದನ್ನು ಯಂತ್ರವಾಗಿಸುವ ಒಂದು ಸಣ್ಣ ಸಂಸ್ಥೆ ಇದ್ದುದು ಅಲ್ಲಿ, ಇಲ್ಲಿ ಇರಲಿಲ್ಲ. ಮುಂದಿನ ಆಮದು ಬಿಲ್ಲುಗಳ ಕಥೆ ಅಲ್ಲಿಂದ ಆರಂಭವಾಗುತ್ತದೆ.

ಚಯಾಪಚಯವನ್ನು ಕಾಣುವ ನಾಲ್ಕು ದಾರಿಗಳು

ಮೊದಲನೆಯದು ಮೇಲೆ ಹೇಳಿದ ಜಲಜನಕದ ಸ್ಪೆಕ್ಟ್ರೋಸ್ಕೋಪಿ. ಸಾಮಾನ್ಯ ಯಂತ್ರದಲ್ಲಿಯೇ, ಹೆಚ್ಚುವರಿ ತಂತ್ರಾಂಶದಿಂದ ಇದು ಸಾಧ್ಯ. ಮೆದುಳಿನ ನರಕೋಶಗಳ ಸ್ಥಿತಿಯನ್ನು ಸೂಚಿಸುವ ಎನ್‌-ಅಸಿಟೈಲ್ ಆಸ್ಪಾರ್ಟೇಟ್, ಜೀವಕೋಶದ ಪೊರೆಗಳ ಬೆಳವಣಿಗೆಯನ್ನು ಸೂಚಿಸುವ ಕೋಲಿನ್, ಆಮ್ಲಜನಕದ ಕೊರತೆಯನ್ನು ಸೂಚಿಸಬಲ್ಲ ಲ್ಯಾಕ್ಟೇಟ್ ಇವುಗಳನ್ನು ಇದರಿಂದ ಅಳೆಯುತ್ತಾರೆ. ಮೆದುಳಿನ ಗೆಡ್ಡೆ ಮತ್ತು ಕೆಲವು ಆನುವಂಶಿಕ ಚಯಾಪಚಯ ರೋಗಗಳ ಪರೀಕ್ಷೆಯಲ್ಲಿ ಇದು ಈಗಾಗಲೇ ಪೂರಕ ಸಾಧನವಾಗಿ ಬಳಕೆಯಲ್ಲಿದೆ. ಯಕೃತ್ತಿನಲ್ಲಿ ಕೊಬ್ಬಿನ ಪಾಲು ಶೇಕಡಾ ಎಷ್ಟು ಎಂಬುದನ್ನೂ ನಿಖರವಾಗಿ ತಿಳಿಯಬಹುದು. ಸುಮಾರು ಶೇ. 5ಕ್ಕಿಂತ ಹೆಚ್ಚಿದ್ದರೆ ಅದನ್ನು ಕೊಬ್ಬಿನ ಯಕೃತ್ತು ಎಂದು ಪರಿಗಣಿಸುತ್ತಾರೆ. ದಿನವಿಡೀ ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ವ್ಯವಹರಿಸುವ ನಮ್ಮ ವರ್ತಕ ವರ್ಗದಲ್ಲಿ ಮಧುಮೇಹದ ಜೊತೆಗೆ ಈ ಶಬ್ದವೂ ಈಗ ಕೇಳಿಬರುತ್ತಿದೆ.

ಎರಡನೆಯದು ರಂಜಕದ ದಾರಿ. ಜೀವಕೋಶದ ಚಾಲ್ತಿ ನಾಣ್ಯವೆಂದರೆ ಎಟಿಪಿ ಎಂಬ ಅಣು. ಅದರ ಮೀಸಲು ನಿಧಿ ಫಾಸ್ಫೋಕ್ರಿಯಾಟಿನ್. ಎರಡರಲ್ಲಿಯೂ ರಂಜಕವಿದೆ. 1974ರಲ್ಲಿ ಆಕ್ಸ್‌ಫರ್ಡಿನ ಜಾರ್ಜ್ ರಾಡ್ಡಾ ಮತ್ತು ಸಂಗಡಿಗರು ಇಲಿಯ ಕಾಲಿನ ಸ್ನಾಯುವಿನಲ್ಲಿ ಈ ಪದಾರ್ಥಗಳ ಗುರುತನ್ನು ಪಡೆದರು. ನಮ್ಮ ರಾಜ್ಯದ ಉದಾಹರಣೆಯೂ ಇದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ಬಿ. ಎನ್. ಗಂಗಾಧರ್, ಪಿ. ಎನ್. ಜಯಕುಮಾರ್ ಮತ್ತು ಸಂಗಡಿಗರು, ಇನ್ನೂ ಔಷಧ ಆರಂಭಿಸದ ಸ್ಕಿಜೋಫ್ರೇನಿಯಾ ರೋಗಿಗಳ ಮೆದುಳನ್ನು ರಂಜಕದ ವಿಧಾನದಿಂದ ಪರೀಕ್ಷಿಸಿ 2004ರಲ್ಲಿ ಅಮೆರಿಕದ ಮನೋವೈದ್ಯಕೀಯ ಪತ್ರಿಕೆಯಲ್ಲಿ ಫಲಿತಾಂಶ ಪ್ರಕಟಿಸಿದರು. ಮೆದುಳಿನ ಆಳದ ಬೇಸಲ್ ಗ್ಯಾಂಗ್ಲಿಯಾ ಎಂಬ ಭಾಗದಲ್ಲಿ ಎಟಿಪಿಗೆ ಹೋಲಿಸಿದರೆ ಫಾಸ್ಫೋಕ್ರಿಯಾಟಿನ್ ಪ್ರಮಾಣ ಆರೋಗ್ಯವಂತರಿಗಿಂತ ಕಡಿಮೆ ಇದ್ದುದನ್ನು ಅವರು ಕಂಡರು. ಮನಸ್ಸಿನ ಕಾಯಿಲೆಯನ್ನು ದೆವ್ವ ಭೂತವೆಂದು ಹರಕೆ ಹೊರುವ ಕುಟುಂಬಗಳು ಇಂದಿಗೂ ಇರುವ ಸಮಾಜದಲ್ಲಿ, ಆ ಕಾಯಿಲೆಗೆ ಮೆದುಳಿನ ಶಕ್ತಿಯ ಲೆಕ್ಕದಲ್ಲಿ ಅಳೆಯಬಲ್ಲ ಗುರುತು ಕಂಡದ್ದು ಸಣ್ಣ ಮಾತಲ್ಲ.

ಮೂರನೆಯದು ಇಂಗಾಲದ ದಾರಿ. ಕ್ಯಾನ್ಸರ್ ಕೋಶಗಳು ಆಮ್ಲಜನಕ ಸಾಕಷ್ಟು ಇದ್ದಾಗಲೂ ಸಕ್ಕರೆಯನ್ನು ಪೂರ್ಣವಾಗಿ ಉರಿಸದೆ ಲ್ಯಾಕ್ಟೇಟ್ ಆಗಿ ಪರಿವರ್ತಿಸುತ್ತವೆ ಎಂಬುದನ್ನು ಜರ್ಮನಿಯ ಓಟೊ ವಾರ್ಬರ್ಗ್ 1920ರ ದಶಕದಲ್ಲಿಯೇ ತೋರಿಸಿದ್ದರು. ಈ ಪರಿವರ್ತನೆಯನ್ನು ಜೀವಂತ ದೇಹದಲ್ಲಿ ನೋಡಲು ಪೈರುವೇಟ್ ಎಂಬ ಪದಾರ್ಥದಲ್ಲಿ ಸಾಮಾನ್ಯ ಇಂಗಾಲದ ಬದಲು ಇಂಗಾಲ-13 ಎಂಬ ಸ್ಥಿರ ರೂಪವನ್ನು ಇಟ್ಟು, ಶೂನ್ಯಕ್ಕಿಂತ ಸುಮಾರು 272 ಡಿಗ್ರಿ ಕೆಳಗಿನ ಚಳಿಯಲ್ಲಿ ಮೈಕ್ರೋವೇವ್ ತರಂಗದಿಂದ ಅದರ ಬೀಜಗಳನ್ನು ಒಂದೇ ದಿಕ್ಕಿಗೆ ತಿರುಗಿಸುತ್ತಾರೆ. ಬಳಿಕ ಬಿಸಿ ದ್ರವದಲ್ಲಿ ತಟಕ್ಕನೆ ಕರಗಿಸಿ ರಕ್ತನಾಳಕ್ಕೆ ಕೊಡುತ್ತಾರೆ. 2003ರಲ್ಲಿ ಪ್ರಕಟವಾದ ಈ ತಂತ್ರದಿಂದ ದನಿಯ ಬಲ ಹತ್ತು ಸಾವಿರ ಪಟ್ಟಿಗೂ ಮೀರಿ ಹೆಚ್ಚಿತು. ಆದರೆ ಈ ಬಲ ಕೆಲವೇ ನಿಮಿಷಗಳಲ್ಲಿ ಕರಗಿಹೋಗುತ್ತದೆ. ಕೆಡುವ ಸರಕಿನ ವ್ಯಾಪಾರಕ್ಕಿಂತಲೂ ಅವಸರದ ಕೆಲಸವಿದು. 2013ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 31 ಮಂದಿಯಲ್ಲಿ ನಡೆಸಿದ ಮೊದಲ ಮಾನವ ಪ್ರಯೋಗವನ್ನು ಪ್ರಕಟಿಸಿದರು.

ನಾಲ್ಕನೆಯದು ಭಾರಜಲಜನಕದ, ಅಂದರೆ ಡ್ಯುಟೀರಿಯಂ ದಾರಿ. ಡ್ಯುಟೀರಿಯಂ ಸೇರಿಸಿದ ಗ್ಲೂಕೋಸನ್ನು ಪಾನಕದಂತೆ ಕುಡಿಸಿ, ಅದು ಮೆದುಳಿನಲ್ಲಿ ಯಾವ ಯಾವ ಪದಾರ್ಥವಾಗಿ ಬದಲಾಗುತ್ತದೆ ಎಂಬುದನ್ನು ನಕ್ಷೆಯಾಗಿ ತೋರಿಸುವ ಈ ವಿಧಾನವನ್ನು 2018ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದವರು ಪ್ರಕಟಿಸಿದರು. ಇದಕ್ಕೆ ಅತಿ ಚಳಿಯ ದುಬಾರಿ ಸಲಕರಣೆ ಬೇಡ.

ಪೆಟ್ ಸ್ಕ್ಯಾನ್ ಇದ್ದೇ ಇದೆಯಲ್ಲ ಎಂಬ ಪ್ರಶ್ನೆ ಬರಬಹುದು. ಪೆಟ್ ಸ್ಕ್ಯಾನ್ ವಿಕಿರಣಶೀಲ ಸಕ್ಕರೆಯು ಯಾವ ಕೋಶಕ್ಕೆ ಹೆಚ್ಚು ಹೋಯಿತು ಎಂಬುದನ್ನು ಹೇಳುತ್ತದೆ; ಒಳಹೋದ ಬಳಿಕ ಅದು ಏನಾಯಿತು ಎಂಬುದನ್ನು ಹೇಳುವುದಿಲ್ಲ. ಖರೀದಿ ವಹಿ ಮತ್ತು ತಯಾರಿಕಾ ಖಾತೆಯ ನಡುವೆ ಇರುವ ವ್ಯತ್ಯಾಸವೇ ಇಲ್ಲಿಯೂ ಇದೆ.

ಎಚ್ಚರಿಕೆಯ ಮಾತು

ಈ ನಾಲ್ಕರಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವು ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿಯೇ ಇವೆ. ಒಂದು ಗುಂಪಿನ ಸರಾಸರಿಯಲ್ಲಿ ಕಂಡ ವ್ಯತ್ಯಾಸದಿಂದ ಒಬ್ಬ ವ್ಯಕ್ತಿಯ ರೋಗವನ್ನು ನಿರ್ಣಯಿಸಲಾಗದು. ಆದುದರಿಂದ ಆರೋಗ್ಯ ತಪಾಸಣೆಯ ಹೆಸರಿನಲ್ಲಿ ಯಾರಾದರೂ ಚಯಾಪಚಯದ ಎಂಆರ್‌ಐ ಮಾಡಿಸಿಕೊಳ್ಳಿ ಎಂದು ಹೇಳಿದರೆ, ಯಾವ ಪ್ರಶ್ನೆಗೆ ಉತ್ತರ ಬೇಕಾಗಿದೆ ಎಂದು ನಿಮ್ಮ ವೈದ್ಯರನ್ನು ಮೊದಲು ಕೇಳಿರಿ. ಕೊಬ್ಬಿನ ಯಕೃತ್ತಿಗೆ ಮೊದಲ ಪರೀಕ್ಷೆ ಸಾಮಾನ್ಯ ರಕ್ತಪರೀಕ್ಷೆ ಮತ್ತು ಅಲ್ಟ್ರಾಸೌಂಡ್ ಆಗಿರುತ್ತದೆ. ಮೊದಲ ಔಷಧ ನಡಿಗೆ ಮತ್ತು ಮಿತಾಹಾರ.

ಸಂಶೋಧನೆಗೆ ಮಾತ್ರ ಇಂತಹ ಅಳತೆಗಳು ಬಹಳ ಅಗತ್ಯ. ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರದ ಕಟ್ಟಡವನ್ನು 2022ರ ಜೂನ್ 20ರಂದು ಪ್ರಧಾನಮಂತ್ರಿಗಳು ಉದ್ಘಾಟಿಸಿದರು. ಈ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿ 45 ವರ್ಷ ಮೀರಿದ ಹತ್ತು ಸಾವಿರ ಗ್ರಾಮಸ್ಥರನ್ನು ಗುರಿಯಾಗಿಟ್ಟುಕೊಂಡು, ವಯಸ್ಸಾದಂತೆ ಮೆದುಳಿನಲ್ಲಿ ಆಗುವ ಬದಲಾವಣೆಗಳ ದೀರ್ಘಕಾಲೀನ ಅಧ್ಯಯನ ನಡೆಸುತ್ತಿದೆ. ಮಧುಮೇಹ, ರಕ್ತದೊತ್ತಡಗಳ ಪರೀಕ್ಷೆಯ ಜೊತೆಗೆ ಎಂಆರ್‌ಐ ಕೂಡ ಅದರ ಭಾಗ. ಮಾವು, ಟೊಮೆಟೊ ಬೆಳೆದು ನಮ್ಮ ಮಂಡಿಗಳಿಗೆ ಕಳಿಸುವ ರೈತರ ಮೆದುಳಿನ ಲೆಕ್ಕವು ಯೂರೋಪಿನವರ ಲೆಕ್ಕಕ್ಕಿಂತ ಭಿನ್ನವೇ ಎಂಬುದನ್ನು ಅವರನ್ನೇ ಅಳೆದು ತಿಳಿಯಬೇಕಲ್ಲದೆ ಬೇರೆ ದಾರಿಯಿಲ್ಲ.

ಯಂತ್ರ ಯಾರದು?

ಇನ್ನು ಉದ್ದಿಮೆಯ ಮಾತಿಗೆ ಬರೋಣ. ಕೆಲವು ಬದಲಾವಣೆಗಳು ಆಶಾದಾಯಕವಾಗಿವೆ. ಅರ್ಜುನ್ ಅರುಣಾಚಲಂ ಅವರು ಸ್ಥಾಪಿಸಿದ ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್ ಸಂಸ್ಥೆಯು ಅಭಿವೃದ್ಧಿಪಡಿಸಿದ 1.5 ಟೆಸ್ಲಾ ಸ್ವದೇಶಿ ಎಂಆರ್‌ಐ ಯಂತ್ರವನ್ನು 2023ರ ಆಗಸ್ಟ್ ತಿಂಗಳಿನಲ್ಲಿ ಕೇಂದ್ರ ಸಚಿವರು ದೆಹಲಿಯಲ್ಲಿ ಬಿಡುಗಡೆ ಮಾಡಿದರು. ರಾಷ್ಟ್ರೀಯ ಬಯೋಫಾರ್ಮಾ ಮಿಷನ್ ಅಡಿಯಲ್ಲಿ ರೂ. 17 ಕೋಟಿಯ ಯೋಜನಾ ವೆಚ್ಚದಲ್ಲಿ ರೂ. 12 ಕೋಟಿಯನ್ನು ಸರ್ಕಾರ ಭರಿಸಿತ್ತು. 2025ರಲ್ಲಿ ಮಹಾರಾಷ್ಟ್ರದ ಚಂದ್ರಾಪುರದ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಅದನ್ನು ಸ್ಥಾಪಿಸಲಾಯಿತು. ದ್ರವರೂಪದ ಹೀಲಿಯಂ ಬೇಡದ ವಿನ್ಯಾಸ ಇದರ ವಿಶೇಷ. ಹಳೆಯ ಮಾದರಿಯ ಕಾಂತಗಳನ್ನು ತಂಪಾಗಿಡಲು ಸಾವಿರ ಲೀಟರಿಗೂ ಮೀರಿ ದ್ರವ ಹೀಲಿಯಂ ಬೇಕಾಗುತ್ತಿತ್ತು. ಹೀಲಿಯಂ ನಮಗೆ ಆಮದು ವಸ್ತು. ಬಹುರಾಷ್ಟ್ರೀಯ ಫಿಲಿಪ್ಸ್ ಸಂಸ್ಥೆಯೂ 2018ರಿಂದ ಏಳೇ ಲೀಟರ್ ಹೀಲಿಯಂ ಬಳಸುವ ಮೊಹರು ಹಾಕಿದ ಕಾಂತವನ್ನು ಮಾರುತ್ತಿದೆ. ಅದೇ ಸಂಸ್ಥೆಯ ದೊಡ್ಡ ಸಂಶೋಧನಾ ಮತ್ತು ಅಭಿವೃದ್ಧಿ ಕೇಂದ್ರ ನಮ್ಮ ಯಲಹಂಕದಲ್ಲಿದೆ.

ಯಲಹಂಕದಲ್ಲಿ ವಿನ್ಯಾಸ, ಯಶವಂತಪುರದ ಬಳಿ ವಿಜ್ಞಾನ, ನಗರದಲ್ಲಿಯೇ ಸ್ವದೇಶಿ ಯಂತ್ರ. ಇವುಗಳ ನಡುವೆ ಇರುವುದು ಪೀಣ್ಯ, ಜಾಲಹಳ್ಳಿ, ಯಶವಂತಪುರಗಳ ನಮ್ಮ ಸಣ್ಣ ಘಟಕಗಳು. 1954ರಲ್ಲಿ ಆರಂಭವಾದ ಬಿಇಎಲ್ ಸುತ್ತ ರೇಡಿಯೋ ಆವರ್ತನದ ಕೆಲಸ ಬಲ್ಲ ಉಪಗುತ್ತಿಗೆದಾರರು ಬೆಳೆದರು. ಎಚ್‌ಎಂಟಿ ಸುತ್ತ ಸೂಕ್ಷ್ಮ ಯಂತ್ರಕಾರ್ಯ ಬಲ್ಲವರು ಬೆಳೆದರು. ಈ ಕೌಶಲಗಳು ಎಂಆರ್‌ಐ ಉದ್ದಿಮೆಗೆ ನೇರವಾಗಿ ಒದಗಬಲ್ಲವು. ಯಾವ ಯಾವ ಭಾಗಗಳನ್ನು ಸಣ್ಣ ಘಟಕವೊಂದು ಯೋಚಿಸಬಹುದು ಎಂಬುದನ್ನು ಇಲ್ಲಿ ಪಟ್ಟಿ ಮಾಡಿದೆ.

1. ರೇಡಿಯೋ ಸುರುಳಿಗಳು. ಪ್ರತಿಯೊಂದು ಪರಮಾಣುವಿಗೂ ಆವರ್ತನ ಬೇರೆ. 3 ಟೆಸ್ಲಾ ಯಂತ್ರದಲ್ಲಿ ಜಲಜನಕಕ್ಕೆ ಸುಮಾರು 128, ರಂಜಕಕ್ಕೆ ಸುಮಾರು 52, ಇಂಗಾಲ-13ಕ್ಕೆ ಸುಮಾರು 32, ಡ್ಯುಟೀರಿಯಂಗೆ ಸುಮಾರು 20 ಮೆಗಾಹರ್ಟ್ಸ್. ಆದುದರಿಂದ ಚಯಾಪಚಯದ ಸಂಶೋಧನೆಗೆ ಪ್ರತ್ಯೇಕ ಸುರುಳಿಗಳು ಬೇಕು. ಬೇಡಿಕೆ ಕಡಿಮೆ, ವಿನ್ಯಾಸ ಹಲವು. ದೊಡ್ಡ ಕಾರ್ಖಾನೆಗೆ ಒಗ್ಗದ, ಸಣ್ಣ ಘಟಕಕ್ಕೆ ಒಗ್ಗುವ ಕೆಲಸವಿದು.

2. ಪರೀಕ್ಷಾ ಮಾದರಿಗಳು. ಯಂತ್ರದ ಅಳತೆ ಸರಿಯಿದೆಯೇ ಎಂದು ನೋಡಲು ಗೊತ್ತಾದ ಪ್ರಮಾಣದ ದ್ರಾವಣ ತುಂಬಿದ ಪ್ಲಾಸ್ಟಿಕ್ ಪಾತ್ರೆಗಳನ್ನು ಬಳಸುತ್ತಾರೆ. ಇವಕ್ಕೆ ಫ್ಯಾಂಟಮ್ ಎಂದು ಹೆಸರು. ತಕ್ಕಡಿಗೆ ಮುದ್ರೆಯ ಬಟ್ಟು ಇದ್ದಂತೆ.

3. ತಾಮ್ರದ ಕವಚದ ಕೊಠಡಿಗಳು. ಹೊರಗಿನ ರೇಡಿಯೋ ತರಂಗ ಒಳಬಾರದಂತೆ ಎಂಆರ್‌ಐ ಕೊಠಡಿಗೆ ಲೋಹದ ಹೊದಿಕೆ, ವಿಶೇಷ ಬಾಗಿಲು, ಕಿಟಕಿಗಳು ಬೇಕು.

4. ಕಾಂತಕ್ಕೆ ಅಂಟದ ಸಲಕರಣೆಗಳು. ಸ್ಟ್ರೆಚರ್, ಗಾಲಿಕುರ್ಚಿ, ಸಲೈನ್ ಕಂಬ, ಅಗ್ನಿಶಾಮಕ ಸಿಲಿಂಡರ್ ಮುಂತಾದವು. ಇಲ್ಲಿ ಜಾಗರೂಕತೆ ಅಗತ್ಯ. ಸ್ಟೇನ್‌ಲೆಸ್ ಸ್ಟೀಲ್ ಎಂದ ಮಾತ್ರಕ್ಕೆ ಕಾಂತಕ್ಕೆ ಅಂಟದು ಎಂದು ಭಾವಿಸಲಾಗದು. 304 ದರ್ಜೆಯ ಉಕ್ಕನ್ನು ತಣ್ಣಗೆ ಬಾಗಿಸಿ ತಟ್ಟಿದರೆ ಅದರಲ್ಲಿ ಕಾಂತೀಯ ಗುಣ ಮೂಡಬಹುದು. ತಪ್ಪು ವಸ್ತುವಿನ ಟ್ರಾಲಿಯೊಂದು ಎಂಆರ್‌ಐ ಕೊಠಡಿಯಲ್ಲಿ ಬಾಣದಂತೆ ಹಾರಿ ಜೀವ ತೆಗೆಯಬಲ್ಲುದು.

ತೆರಿಗೆ ಮತ್ತು ಕಾನೂನು

ನನ್ನ ವೃತ್ತಿಗೆ ಸಂಬಂಧಿಸಿದ ಕೆಲವು ಅಂಶಗಳನ್ನೂ ಹೇಳುವುದು ಉಚಿತ. ಆಸ್ಪತ್ರೆಗಳ ಚಿಕಿತ್ಸಾ ಸೇವೆಗೆ ಜಿಎಸ್‌ಟಿ ವಿನಾಯಿತಿ ಇದೆ. ಇದರ ಪರಿಣಾಮವಾಗಿ ಯಂತ್ರ ಕೊಳ್ಳುವಾಗ ಕಟ್ಟಿದ ತೆರಿಗೆಗೆ ಆಸ್ಪತ್ರೆಯು ಇನ್‌ಪುಟ್ ಕ್ರೆಡಿಟ್ ಪಡೆಯಲಾಗದು. ಅದು ಯಂತ್ರದ ಬೆಲೆಯೊಳಗೆ ಸೇರಿ, ಕೊನೆಗೆ ರೋಗಿಯ ಬಿಲ್ಲಿಗೆ ಬರುತ್ತದೆ. 2025ರ ಸೆಪ್ಟೆಂಬರ್ 22ರಿಂದ ವೈದ್ಯಕೀಯ ಉಪಕರಣಗಳ ಮೇಲಿನ ದರ ಶೇ. 12ರಿಂದ ಶೇ. 5ಕ್ಕೆ ಇಳಿದಿರುವುದರಿಂದ ಕೊಳ್ಳುವವರ ವೆಚ್ಚ ತಗ್ಗಿದೆ.

ತಯಾರಕರಿಗೆ ಮಾತ್ರ ಇದು ಬೇರೊಂದು ಲೆಕ್ಕವನ್ನು ತಂದಿದೆ. ಕಚ್ಚಾ ಸಾಮಗ್ರಿಗೆ ಶೇ. 18 ತೆರಿಗೆ ತೆತ್ತು, ಸಿದ್ಧ ಉಪಕರಣವನ್ನು ಶೇ. 5ಕ್ಕೆ ಮಾರಿದರೆ ಕ್ರೆಡಿಟ್ ಖಾತೆಯಲ್ಲಿ ಹಣ ಕೂಡುತ್ತಾ ಹೋಗುತ್ತದೆ. ಕೇಂದ್ರ ಜಿಎಸ್‌ಟಿ ಕಾಯ್ದೆಯ 54(3)ನೇ ಪ್ರಕರಣದಡಿ ಇದರ ಮರುಪಾವತಿ ಕೇಳಬಹುದು. ಆದರೆ ಸರಕುಗಳ ಮೇಲಿನ ತೆರಿಗೆಗೆ ಮಾತ್ರ ಈ ಸೌಲಭ್ಯ. ಸೇವೆಗಳು ಮತ್ತು ಬಂಡವಾಳ ಯಂತ್ರಗಳ ಮೇಲಿನ ತೆರಿಗೆಗೆ ಇಲ್ಲ. ಪರೀಕ್ಷಾ ಶುಲ್ಕ, ವಿನ್ಯಾಸ ಶುಲ್ಕಗಳೇ ಹೆಚ್ಚಾಗಿರುವ ಈ ಬಗೆಯ ಉದ್ದಿಮೆಯಲ್ಲಿ ಈ ವ್ಯತ್ಯಾಸ ದುಡಿಯುವ ಬಂಡವಾಳವನ್ನೇ ಕಟ್ಟಿಹಾಕಬಲ್ಲುದು. ಬಿಡಿಭಾಗವು ಯಾವ ಶೀರ್ಷಿಕೆಯಡಿ ಬರುತ್ತದೆ ಎಂಬುದನ್ನು ದರ ನಮೂದಿಸುವ ಮುನ್ನವೇ ಖಚಿತಪಡಿಸಿಕೊಳ್ಳುವುದು ಕ್ಷೇಮ.

ಡಯಾಗ್ನಾಸ್ಟಿಕ್ ಕೇಂದ್ರ ನಡೆಸುವ ಸದಸ್ಯರ ಗಮನಕ್ಕೆ: 1962ರ ಆದಾಯ ತೆರಿಗೆ ನಿಯಮಗಳು ಎಂಆರ್‌ಐ ಯಂತ್ರವನ್ನು ಜೀವರಕ್ಷಕ ಉಪಕರಣಗಳ ಪಟ್ಟಿಯಲ್ಲಿ ಸೇರಿಸಿ ಶೇ. 40 ಸವಕಳಿಯನ್ನು ನಿಗದಿಪಡಿಸಿದ್ದವು. 2026ರ ಏಪ್ರಿಲ್ 1 ಜಾರಿ ದಿನಾಂಕವಾಗಿರುವ 2025ರ ಆದಾಯ ತೆರಿಗೆ ಕಾಯ್ದೆಯಡಿಯ ನಿಯಮಗಳನ್ನು ನೋಡಿಕೊಂಡೇ ಮುಂದಿನ ಯೋಜನಾ ವರದಿಯನ್ನು ಸಿದ್ಧಪಡಿಸಿರಿ.

ಕಾನೂನಿನ ಬಗ್ಗೆ ಹೇಳುವುದಾದರೆ, 2017ರ ವೈದ್ಯಕೀಯ ಸಾಧನಗಳ ನಿಯಮಗಳಡಿ ಎ ಮತ್ತು ಬಿ ವರ್ಗದ ಸಾಧನಗಳಿಗೆ 2022ರ ಅಕ್ಟೋಬರ್‌ನಿಂದಲೂ, ಸಿ ಮತ್ತು ಡಿ ವರ್ಗದ ಸಾಧನಗಳಿಗೆ 2023ರ ಅಕ್ಟೋಬರ್‌ನಿಂದಲೂ ಪರವಾನಗಿ ವ್ಯವಸ್ಥೆ ಕಡ್ಡಾಯವಾಗಿದೆ. ದೊಡ್ಡ ತಯಾರಕರು ತಮ್ಮ ಸರಬರಾಜುದಾರರಿಂದ ಐಎಸ್‌ಒ 13485 ಗುಣಮಟ್ಟ ಪ್ರಮಾಣಪತ್ರವನ್ನು ಅಪೇಕ್ಷಿಸುತ್ತಾರೆ. ಕೇಂದ್ರ ಸರ್ಕಾರ 2020ರಲ್ಲಿ ವೈದ್ಯಕೀಯ ಸಾಧನಗಳಿಗೆಂದು ರೂ. 3,420 ಕೋಟಿಯ ಉತ್ಪಾದನೆ ಆಧಾರಿತ ಪ್ರೋತ್ಸಾಹಕ ಯೋಜನೆಯನ್ನು ಪ್ರಕಟಿಸಿತು. ಅದರ ನೇರ ಲಾಭ ದೊಡ್ಡ ಹೂಡಿಕೆದಾರರಿಗೆ. ನಮಗೆ ದೊರೆಯಬಹುದಾದುದು ಅವರಿಗೆ ಭಾಗ ಒದಗಿಸುವ ಅವಕಾಶ. ಹಾಗೆ ಒದಗಿಸುವಾಗ ಉದ್ಯಮ ನೋಂದಣಿ ಮಾಡಿಸಿರುವ ಕಿರು ಮತ್ತು ಸಣ್ಣ ತಯಾರಕರಿಗೆ, 2006ರ ಕಾಯ್ದೆಯಂತೆ ಗರಿಷ್ಠ 45 ದಿನಗಳೊಳಗೆ ಹಣ ಪಾವತಿಯಾಗಬೇಕೆಂಬ ರಕ್ಷಣೆ ಇದೆ ಎಂಬುದನ್ನು ಮರೆಯಬಾರದು.

ಮುಂದಿನ ಹೆಜ್ಜೆ

ಇದನ್ನು ಓದಿದ ಕೂಡಲೇ ಯಾರೂ ಸಾಲ ಮಾಡಿ ಹೊಸ ಶೆಡ್ಡು ಹಾಕಬೇಕೆಂದು ನಾನು ಹೇಳುವುದಿಲ್ಲ. ಈ ಮಾರುಕಟ್ಟೆ ಸಣ್ಣದು. ಮಾದರಿ ಒಪ್ಪಿಗೆಯಾಗಲು ವರ್ಷಗಳೇ ಬೇಕಾಗಬಹುದು. ಮೊದಲ ಆದೇಶ ಹತ್ತು ಇಪ್ಪತ್ತು ನಗಗಳನ್ನು ಮೀರಲಾರದು. ಈಗ ನಡೆಯುತ್ತಿರುವ ಕೆಲಸವನ್ನು ಉಳಿಸಿಕೊಂಡು, ಅದರ ಪಕ್ಕದಲ್ಲಿ ಒಂದು ಭಾಗವನ್ನು ಆರಿಸಿ, ಪ್ರತ್ಯೇಕ ವೆಚ್ಚದ ಲೆಕ್ಕವಿಟ್ಟು, ಎರಡು ಮೂರು ವರ್ಷದ ನಷ್ಟವನ್ನು ತಾಳುವ ಶಕ್ತಿ ಇದ್ದವರು ಮಾತ್ರ ಮುಂದುವರಿಯುವುದು ವಿವೇಕ. ಸಂಶೋಧನಾ ಸಂಸ್ಥೆಗಳಿಗೂ ಒಂದು ಮಾತು. ತಮಗೆ ಬೇಕಾದ ಸುರುಳಿ, ಪರೀಕ್ಷಾ ಮಾದರಿಗಳ ವಿವರವನ್ನು ನೆರೆಯ ಕೈಗಾರಿಕಾ ಪ್ರದೇಶಕ್ಕೆ ತಿಳಿಯುವಂತೆ ಪ್ರಕಟಿಸಿದರೆ ಇಬ್ಬರಿಗೂ ಲಾಭ.

ನಮ್ಮ ಸಂಘವು ವಿಜ್ಞಾನ ಸಂಸ್ಥೆಯ ಎನ್‌ಎಂಆರ್ ಸಂಶೋಧನಾ ಕೇಂದ್ರಕ್ಕೆ ಆಸಕ್ತ ಸದಸ್ಯರ ಭೇಟಿಯನ್ನು ಏರ್ಪಡಿಸಲು ಪ್ರಯತ್ನಿಸಬಹುದೆಂಬುದು ನನ್ನ ಸಲಹೆ. ಪೀಣ್ಯದಿಂದ ಆ ಆವರಣದ ಗೇಟಿಗೆ ತುಮಕೂರು ರಸ್ತೆಯಲ್ಲಿ ಕೆಲವೇ ಕಿಲೋಮೀಟರು. 1951ರಲ್ಲಿಯೂ ಸಂಸ್ಥೆ ಅಲ್ಲಿಯೇ ಇತ್ತು. ಅಂದು ಇಲ್ಲದಿದ್ದುದು ಅದರ ಕೆಲಸವನ್ನು ಯಂತ್ರವಾಗಿಸಬಲ್ಲ ನೆರೆಯ ಕಾರ್ಖಾನೆಗಳು. ಇಂದು ಆ ಕಾರ್ಖಾನೆಗಳು ಇವೆ.